ಸೈಕಲ್ ಕಡ್ಡಿ, ತೂತಿನ ಕಾರ್ಡು: ಸೇವಂತಿಗೆ ಬಳಗದ ಗಿಡಗಳಿಗೊಂದು ಗುರುತಿನ ಕಟ್ಟು

ಸೇವಂತಿಗೆ ಕುಟುಂಬದ ಗಿಡಗಳನ್ನು ಗುರುತಿಸಲು ಒಂದು ಕಾರ್ಡಿನ ಕಟ್ಟು ಮಾಡಿದ್ದೇನೆ. ಆ್ಯಪ್ ಇಲ್ಲ, ಕರೆಂಟೂ ಬೇಡ. ಗಿಡಕ್ಕೊಂದರಂತೆ 36 ಕಾರ್ಡು, ಪ್ರತಿ ಕಾರ್ಡಿನ ಅಂಚಿನಲ್ಲಿ 28 ತೂತು, ಒಂದು ಸೈಕಲ್ ಕಡ್ಡಿ, ಅಷ್ಟೇ. ಗಿಡದಲ್ಲಿ ಒಂದು ಲಕ್ಷಣ ಕಂಡರೆ ಅದರ ತೂತಿಗೆ ಕಡ್ಡಿ ತೂರಿಸಿ ಕಟ್ಟನ್ನು ಎತ್ತಬೇಕು. ಆ ಲಕ್ಷಣ ಇರುವ ಗಿಡಗಳ ಕಾರ್ಡಿನಲ್ಲಿ ಆ ತೂತನ್ನು ಅಂಚಿನವರೆಗೆ ಕತ್ತರಿಸಿರುವುದರಿಂದ ಅವು ಮಾತ್ರ ಕೆಳಗೆ ಬೀಳುತ್ತವೆ. ಬಿದ್ದವನ್ನು ಮತ್ತೆ ಜೋಡಿಸಿ ಇನ್ನೊಂದು ಲಕ್ಷಣ ಕೇಳಬೇಕು. ಹೀಗೆ ಮಾಡುತ್ತಾ ಹೋದರೆ ಕೊನೆಗೆ ಒಂದೋ ಎರಡೋ ಕಾರ್ಡು ಕೈಯಲ್ಲಿ ಉಳಿಯುತ್ತವೆ. ಮರದ ಜಾತಿ ಗುರುತಿಸಲು 1930ರ ದಶಕದಲ್ಲೇ ಇಂಥ ಕಾರ್ಡು ಬಳಸುತ್ತಿದ್ದರು. ನಾನು ಅದನ್ನು ಚಿತ್ರದುರ್ಗ, ದಾವಣಗೆರೆ ಕಡೆಯ ಹೊಲ, ಬದು, ರಸ್ತೆ ಬದಿಯ ಗಿಡಗಳಿಗೆ ಹೊಂದಿಸಿಕೊಂಡೆ.

ಪುಸ್ತಕದಲ್ಲಿರುವ ಕೀಲಿ, ಅಂದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಗಿಡದ ಹೆಸರಿಗೆ ಕರೆದೊಯ್ಯುವ ಪಟ್ಟಿ, ಯಾಕೆ ಸಾಲದು ಅಂದರೆ, ಅದಕ್ಕೆ ಒಂದೇ ಬಾಗಿಲು. ಮೊದಲ ಪ್ರಶ್ನೆಗೆ ಉತ್ತರ ಕೊಟ್ಟರೆ ಮಾತ್ರ ಎರಡನೆಯದು ಸಿಗುತ್ತದೆ. ಎಲೆ ಎದುರುಬದುರು ಇದೆಯೋ ಇಲ್ಲವೋ ಅಂತ ಶುರುವಾದರೆ ನಮ್ಮ ಕಡೆ ಕಷ್ಟ. ಇದು ಒಣಸೀಮೆ. ಸಂಕ್ರಾಂತಿ ಕಳೆದ ಮೇಲೆ ಜೋಗಿಮಟ್ಟಿ ರಸ್ತೆಯಲ್ಲಾಗಲಿ, ಚಳ್ಳಕೆರೆ ಕಡೆಯ ಕಾವಲಿನಲ್ಲಾಗಲಿ ಎಲೆ ಉದುರಿ, ಕಂದು ತಲೆ ಹೊತ್ತ ಕಡ್ಡಿಗಳೇ ಜಾಸ್ತಿ. ಪಾರ್ಥೇನಿಯಂನ ಕಥೆ ಇನ್ನೂ ಬೇರೆ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ ಮಳೆಗಾಲದಲ್ಲೇ ಅದರ ಎಲೆಯನ್ನೆಲ್ಲ ತಿಂದು ಮುಗಿಸುವುದುಂಟು. ಆದರೆ ಒಣಗಿದ ತೆನೆಯೊಳಗೆ, ಅಂದರೆ ಹೂವಿನ ತಲೆಯೊಳಗೆ, ಬೀಜ ಇರುತ್ತದೆ, ಬೀಜದ ಜುಟ್ಟು ಇರುತ್ತದೆ, ಹೊಟ್ಟು ಇರುತ್ತದೆ. ಈ ಕುಟುಂಬದಲ್ಲಿ ಯಾರಿಗೆ ಯಾರು ಹತ್ತಿರ ಅಂತ ಹೇಳುವುದೂ ಮುಖ್ಯವಾಗಿ ಇವೇ. ಹಾಗಾಗಿ ಸಿಕ್ಕ ತುಂಡಿನಿಂದಲೇ ಶುರು ಮಾಡಲು ಬಿಡುವ ಕೀಲಿ ಬೇಕಿತ್ತು.

ತೆನೆ ಬಿಚ್ಚಿ ನೋಡುವುದು

ಸೂರ್ಯಕಾಂತಿ ಬೆಳೆಯುವವರು ಹೂವನ್ನು ತೆನೆ ಅನ್ನುತ್ತಾರೆ. ಅದೇ ಸರಿಯಾದ ಮಾತು, ಯಾಕೆಂದರೆ ಅದು ಒಂದು ಹೂವಲ್ಲ. ನೂರಾರು ಕಿರುಹೂಗಳು ಒಂದು ತಟ್ಟೆಯ ಮೇಲೆ ಒತ್ತಾಗಿ ಕೂತಿರುತ್ತವೆ. ದಳದ ಹಾಗೆ ಕಾಣುವ ಪ್ರತಿಯೊಂದೂ ಅಂಚಿನ ಒಂದು ಪೂರ್ತಿ ಹೂ. ನಡುವೆ ಇರುವವು ಪುಟ್ಟ ಕೊಳವೆ ಹೂಗಳು. ಕೆಳಗೆ ಹಸಿರು ಎಸಳುಗಳ ಬಟ್ಟಲು. ಪ್ರತಿ ಬೀಜದ ನೆತ್ತಿಯ ಮೇಲೆ ಕೂದಲೋ, ಹುರುಪೆಯೋ, ಮುಳ್ಳೋ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇದನ್ನು ಪ್ಯಾಪಸ್ ಅನ್ನುತ್ತಾರೆ, ನಾನು ಕಾರ್ಡಿನಲ್ಲಿ ಜುಟ್ಟು ಅಂತಲೇ ಬರೆದಿದ್ದೇನೆ. ಕಿರುಹೂಗಳ ನಡುವೆ ಒಣ ಪೊರೆಯಂಥ ಚೂರು ಇದ್ದರೆ ಅದು ಹೊಟ್ಟು. ಸೂರ್ಯಕಾಂತಿಯಲ್ಲಿ ಇದೆ, ಸೇವಂತಿಗೆಯಲ್ಲಿ ಇಲ್ಲ.

ಬಿಚ್ಚಲು ಬೇಕಾದದ್ದು ಹೊಸ ಬ್ಲೇಡು, ಎರಡು ಹೊಲಿಗೆ ಸೂಜಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಒಂದು ಕಪ್ಪು ಕಾಗದ, ಒಂದು ಗ್ರಾಫ್ ಹಾಳೆ. ತೆನೆಯನ್ನು ತೊಟ್ಟಿನ ಸಮೇತ ಮೇಲಿಂದ ಕೆಳಗೆ ಸರಿಯಾಗಿ ನಡುವೆ ಸೀಳಬೇಕು. ಬಿಳಿ ಜುಟ್ಟು ಕಪ್ಪು ಕಾಗದದ ಮೇಲೆ ಮಾತ್ರ ಚೆನ್ನಾಗಿ ಕಾಣುತ್ತದೆ. ಒಣ ತೆನೆಯಾದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ. ಬೀಜ ನೋಡುವುದಿದ್ದರೆ ಅರ್ಧವನ್ನು ಒಣಗಿದ್ದ ಹಾಗೇ ಇಟ್ಟುಕೊಳ್ಳಿ, ಒದ್ದೆಯಾದ ಜುಟ್ಟು ಅಂಟಿಕೊಂಡು ಏನೂ ತಿಳಿಯುವುದಿಲ್ಲ. ಪಾರ್ಥೇನಿಯಂ ಮುಟ್ಟುವಾಗ ಕೈಗವಸು ಹಾಕಲೇಬೇಕು. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಎಷ್ಟೋ ಜನರ ಚರ್ಮಕ್ಕೆ ಆಗುವುದಿಲ್ಲ.

ಮಾದರಿಗೆಲ್ಲ ರಸ್ತೆ ಬದಿ, ಹೊಲದ ಬದು, ಖಾಲಿ ಸೈಟು ಸಾಕು. ಜೋಗಿಮಟ್ಟಿ ವನ್ಯಧಾಮದ ಒಳಗೆ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಕೀಳಬಾರದು. ಭದ್ರಾ ನಾಲೆ ನೀರು ಬರುವ ದಾವಣಗೆರೆ ಕಡೆಯ ಗದ್ದೆಗಳಿಂದ ಗರುಗ, ಉಂಡೆ ತೆನೆಯ ಸ್ಫೆರಾಂಥಸ್ ಸಿಕ್ಕವು. ಒಣ ಹೊಲದ ಗಿಡಗಳೆಲ್ಲ ಚಿತ್ರದುರ್ಗದ ಕಡೆಯವು.

ಹೂವಿನ ಮಾರುಕಟ್ಟೆಯಿಂದಲೂ ಮೂರು ಕಾರ್ಡು ಬಂದವು. ನನಗೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟದ್ದು ಅವೇ. ಸೇವಂತಿಗೆ, ಚೆಂಡುಹೂ, ದವನ ಮೂರನ್ನೂ ಪಕ್ಕಪಕ್ಕ ಇಟ್ಟರೆ ಯಾರಾದರೂ ಸೇವಂತಿಗೆ, ಚೆಂಡುಹೂ ಅಕ್ಕತಂಗಿಯರು, ದವನ ಯಾವುದೋ ಪರಿಮಳದ ಸೊಪ್ಪು ಅನ್ನುತ್ತಾರೆ. ತೆನೆ ಸೀಳಿ ನೋಡಿ. ಚೆಂಡುಹೂವಿನ ಹಸಿರು ಎಸಳುಗಳೆಲ್ಲ ಒಂದಕ್ಕೊಂದು ಬೆಸೆದು ಲೋಟ ಆಗಿವೆ. ಬೆಳಕಿಗೆ ಹಿಡಿದರೆ ಅದರಲ್ಲಿ ಎಣ್ಣೆಯ ಚುಕ್ಕೆ ಕಾಣುತ್ತವೆ, ವಾಸನೆ ಬರುವುದು ಅಲ್ಲಿಂದಲೇ. ಕಪ್ಪು ಕಡ್ಡಿಯಂಥ ಬೀಜದ ಮೇಲೆ ಹುರುಪೆ ಜುಟ್ಟಿದೆ. ಸೇವಂತಿಗೆಯಲ್ಲಿ ಎಸಳುಗಳು ಬಿಡಿಬಿಡಿ, ಹಲವು ಸಾಲು, ಅಂಚು ಪೊರೆಯ ಹಾಗೆ ತೆಳು. ಜುಟ್ಟು ಇಲ್ಲವೇ ಇಲ್ಲ. ಈಗ ದವನದ ಪುಟ್ಟ ತೆನೆಯನ್ನು ಲೆನ್ಸ್ ಕೆಳಗೆ ಇಡಿ. ಅದೇ ಪೊರೆ ಅಂಚು, ಜುಟ್ಟಿಲ್ಲದ ಬೀಜ. ದವನ ಮತ್ತು ಸೇವಂತಿಗೆ ಒಂದೇ ಗಣದವು, ಅಂದರೆ ಕುಟುಂಬದೊಳಗಿನ ಒಂದೇ ಒಳಗುಂಪಿನವು, ಚೆಂಡುಹೂ ಸೂರ್ಯಕಾಂತಿಯ ಕಡೆಯದು. ದೇವರ ತಲೆಯ ಮೇಲೆ ದವನ, ಸೇವಂತಿಗೆ ಒಟ್ಟಿಗೆ ಏರಿಸುವಾಗ ನಾವು ನೆಂಟರನ್ನೇ ಜೊತೆ ಸೇರಿಸುತ್ತಿದ್ದೇವೆ ಅಂತ ತಿಳಿದು ನನಗೆ ತುಂಬಾ ಸಂತೋಷವಾಯಿತು.

ಕಾರ್ಡು ಮತ್ತು ತೂತು

ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ 300 ಜಿಎಸ್‌ಎಂ ದಪ್ಪದ ಕಾಗದ ಕೇಳಿದರೆ ಕೊಡುತ್ತಾರೆ. ಹೊಳಪಿಲ್ಲದ್ದು ಬೇಕು, ಪೆನ್ಸಿಲ್ ಹತ್ತಬೇಕು. ಅವರ ಕಟಿಂಗ್ ಮೆಷಿನ್ನಿನಲ್ಲೇ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲಕ್ಕೆ ಕತ್ತರಿಸಿಕೊಂಡು ಬಂದೆ. ಮನೆಯಲ್ಲಿ ಕತ್ತರಿಯಿಂದ ಕತ್ತರಿಸಿದರೆ ಅಂಚು ಒಂದೇ ಸಮ ಬರುವುದಿಲ್ಲ. ಈ ಕೆಲಸದಲ್ಲಿ ಅಂಚು ಸಮ ಇಲ್ಲದಿದ್ದರೆ ಯಾವುದೂ ನಡೆಯುವುದಿಲ್ಲ. ಎಲ್ಲ ಕಾರ್ಡಿನ ಬಲ ಮೇಲಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ. ಒಂದು ಕಾರ್ಡು ತಿರುಗಿ ಕೂತರೆ ತಕ್ಷಣ ಗೊತ್ತಾಗುತ್ತದೆ.

ತೂತು ಉದ್ದನೆಯ ಎರಡು ಅಂಚಿನಲ್ಲಿ ಮಾತ್ರ. ಪ್ರತಿ ಅಂಚಿಗೆ 14, ಒಂದರಿಂದ ಒಂದಕ್ಕೆ 10 ಮಿ.ಮೀ. ದೂರ, ಎರಡೂ ತುದಿಯಲ್ಲಿ 10 ಮಿ.ಮೀ. ಜಾಗ. ತೂತಿನ ಅಗಲ 4 ಮಿ.ಮೀ. ತೂತಿನ ನಡುಬಿಂದು ಅಂಚಿನಿಂದ 5 ಮಿ.ಮೀ. ಒಳಗೆ. ಅಂದರೆ ತೂತಿಗೂ ಅಂಚಿಗೂ ನಡುವೆ 3 ಮಿ.ಮೀ. ಕಾಗದ ಉಳಿಯುತ್ತದೆ. ಇದಕ್ಕಿಂತ ಕಡಿಮೆ ಬಿಟ್ಟರೆ ಬೇಗ ಹರಿಯುತ್ತದೆ.

ಒಂದೊಂದೇ ಕಾರ್ಡಿಗೆ ಪಂಚ್ ಮಾಡಬೇಡಿ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಕಡ್ಡಿ ಸಲೀಸಾಗಿ ಹೋಗುವುದಿಲ್ಲ. ಎಲ್ಲ ಕಾರ್ಡು ಒಟ್ಟಿಗೆ ಜೋಡಿಸಿ, ಮೇಲೊಂದು ಕೆಳಗೊಂದು 6 ಮಿ.ಮೀ. ಪ್ಲೈವುಡ್ ಹಲಗೆ ಇಟ್ಟು, ಎರಡು ಜಿ-ಕ್ಲ್ಯಾಂಪ್ ಹಾಕಿ ಬಿಗಿದು, ಡ್ರಿಲ್ಲಿನಿಂದ ಒಂದೇ ಸಲ ಕೊರೆಯಬೇಕು. ಕಬ್ಬಿಣಕ್ಕೆ ಬಳಸುವ ಬಿಟ್ ಕಾಗದವನ್ನು ಹಿಂಜುತ್ತದೆ. ಮರಕ್ಕೆ ಬಳಸುವ, ತುದಿಯಲ್ಲಿ ಸಣ್ಣ ಮೊನೆ ಇರುವ ಬಿಟ್ ಹಾಕಿದರೆ ತೂತು ಸ್ವಚ್ಛ. ಕ್ಲ್ಯಾಂಪ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು. ಒಂದು ಮಾತು ಮುಖ್ಯ: ಬೇಕಾದ್ದಕ್ಕಿಂತ ಹೆಚ್ಚು ಕಾರ್ಡು ಕೊರೆದಿಡಿ. ನಾನು 60 ಕೊರೆದೆ. ಆಮೇಲೆ ಹೊಸ ಗಿಡ ಸಿಕ್ಕಾಗ ಅದೇ ಅಳತೆಗೆ ಇನ್ನೊಂದು ಕಾರ್ಡು ಮಾಡುವುದು ತುಂಬಾ ಕಷ್ಟ.

ಕಡ್ಡಿ ಸೈಕಲ್ ಶಾಪಿನದು. ಸುಮಾರು 2 ಮಿ.ಮೀ. ದಪ್ಪ, 4 ಮಿ.ಮೀ. ತೂತಿನಲ್ಲಿ ಆರಾಮಾಗಿ ಓಡಾಡುತ್ತದೆ. ಬಗ್ಗಿದ ತುದಿಯನ್ನು ಹಿಡಿಯಾಗಿ ಬಿಟ್ಟು, ಇನ್ನೊಂದು ತುದಿಯ ಥ್ರೆಡ್ ಕತ್ತರಿಸಿ, ಅರದಿಂದ ಉಜ್ಜಿ ಗುಂಡಗೆ ಮಾಡಿದೆ. ಥ್ರೆಡ್ ಬಿಟ್ಟರೆ ಅದು ಕಾಗದವನ್ನು ಕೆರೆಯುತ್ತದೆ.

28 ತೂತಿಗೆ ಏನು ಬರೆಯುವುದು

ಡ್ರಿಲ್ ಕೆಲಸ ಒಂದು ಮಧ್ಯಾಹ್ನದ್ದು. ತೂತಿಗೆ ಲಕ್ಷಣ ಆರಿಸುವುದೇ ನಿಜವಾದ ಕೆಲಸ.

ಗಿಡಕ್ಕೆ ಆ ಲಕ್ಷಣ ಇದ್ದರೆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಬಾಯಿ ತೆಗೆಯಬೇಕು, ಇಲ್ಲದಿದ್ದರೆ ತೂತನ್ನು ಹಾಗೇ ಬಿಡಬೇಕು. ಇಲ್ಲಿ ಒಂದು ನಿಯಮ ಇಟ್ಟುಕೊಂಡೆ. ‘ಇದೆ’ಗೆ ಒಂದು ತೂತು, ‘ಇಲ್ಲ’ಕ್ಕೆ ಬೇರೆ ತೂತು. ಆಗ ಎರಡೂ ಕಾಣುವ ಗಿಡಕ್ಕೆ ಎರಡೂ ಬಾಯಿ ತೆಗೆಯಬಹುದು. ಸೂರ್ಯಕಾಂತಿಯ ಕೆಳಗಿನ ಎಲೆ ಎದುರುಬದುರು, ಮೇಲಿನವು ಒಂದು ಬಿಟ್ಟು ಒಂದು. ಅದರ ಕಾರ್ಡು ಎರಡು ಪ್ರಶ್ನೆಗೂ ಬೀಳಬೇಕು, ಅಲ್ವಾ?

ಮುರಿದರೆ ಹಾಲು ಬರುತ್ತದೋ ಇಲ್ಲವೋ, ಎಲೆ ಜೋಡಣೆ, ಅಂಚಿನ ಹೂ, ಹೊಟ್ಟು, ಎಲೆಯಲ್ಲಿ ಮುಳ್ಳು, ತೆನೆಗಳು ಒತ್ತಾಗಿ ಉಂಡೆಯಾಗಿರುವುದು, ಒಂದೇ ತೆನೆಯಲ್ಲಿ ಎರಡು ಥರದ ಬೀಜ, ಕೇಸರದ ಬುಡದಲ್ಲಿ ಬಾಲ, ಮುಳ್ಳಿನ ಕವಚ. ಇವಕ್ಕೆಲ್ಲ ಎರಡೆರಡು ತೂತು. ಜುಟ್ಟಿಗೆ ನಾಲ್ಕು: ಇಲ್ಲ, ಹುರುಪೆ ಅಥವಾ ಮುಳ್ಳು, ಸಾದಾ ಕೂದಲು, ಗರಿಯಂಥ ಕೂದಲು. ಹಸಿರು ಎಸಳಿಗೆ ಮೂರು: ಒಂದೇ ಸಾಲು, ಹಲವು ಸಾಲು, ಬೆಸೆದ ಲೋಟ. ಬಣ್ಣಕ್ಕೆ ಮೂರು. ಒಟ್ಟು 28 ಭರ್ತಿ.

ಬಣ್ಣದ ತೂತು ಇಡಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಈ ಕುಟುಂಬದಲ್ಲಿ ಹಳದಿ ಹೂ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಆದರೂ ಒಂದು ಕಡೆ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ತಲೆಗೂದಲಿನ ಎಣ್ಣೆಗೆ ಹಾಕುವ ಗರುಗದ ಸೊಪ್ಪು, ಅಂದರೆ ಎಕ್ಲಿಪ್ಟಾ ಪ್ರಾಸ್ಟ್ರೇಟಾ, ಬಿಳಿ ಹೂವಿನದು. ಎಲೆ ಹೊಸಕಿದರೆ ರಸ ಕಪ್ಪಾಗುತ್ತದೆ. ಅದರ ಹತ್ತಿರದ ನೆಂಟ ಸ್ಫಾಗ್ನೆಟಿಕೋಲಾ, ಮೊದಲು ವೆಡೇಲಿಯಾ ಅನ್ನುತ್ತಿದ್ದರು, ಹಳದಿ ಹೂವಿನದು. ಎರಡನ್ನೂ ಭೃಂಗರಾಜ ಅನ್ನುವವರಿದ್ದಾರೆ. ಎಲೆ ಎರಡರಲ್ಲೂ ಎದುರುಬದುರು, ಹೊಟ್ಟು ಎರಡರಲ್ಲೂ ಇದೆ. ಬಣ್ಣದ ಕಡ್ಡಿ ತೂರಿಸಿದರೆ ಸರಕ್ಕನೆ ಬೇರೆಯಾಗುತ್ತವೆ. ಹಾಗಾಗಿ ಇಟ್ಟೆ, ಆದರೆ ಕೊನೆಯ ಮೂರು ತೂತಾಗಿ.

ಕೇಸರದ ಬಾಲ ನೋಡಲು ತಾಳ್ಮೆ ಬೇಕು. ಈ ಕುಟುಂಬದಲ್ಲಿ ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿರುತ್ತವೆ. ಕೆಲವು ಗಣಗಳಲ್ಲಿ ಅವುಗಳ ಬುಡ ಬಾಲದ ಹಾಗೆ ಚೂಪಾಗಿ ಕೆಳಗೆ ಇಳಿದಿರುತ್ತದೆ. ಇಂಥ ಚಿಕ್ಕ ವಿವರಗಳನ್ನು ಹಿಡಿದು ಈ ಕುಟುಂಬವನ್ನು ಗಣಗಳಾಗಿ ಬಿಡಿಸಿದವನು ಫ್ರಾನ್ಸಿನ ಹೆನ್ರಿ ಕ್ಯಾಸಿನಿ (1781–1832). ಆತ ಖಗೋಳ ವಿಜ್ಞಾನಿಗಳ ಮನೆತನದವನು, ವೃತ್ತಿಯಲ್ಲಿ ನ್ಯಾಯಾಧೀಶ. ಕೋರ್ಟಿನ ಕೆಲಸದ ಜೊತೆಗೆ ಶಲಾಕೆಯ (ಹೂವಿನ ಹೆಣ್ಣು ಭಾಗದ ಕಡ್ಡಿಯ) ತುದಿ, ಕೇಸರದ ಬುಡ ನೋಡುತ್ತಾ ಕೂತಿದ್ದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಮುಳ್ಳು ಇನ್ನೂ ದೊಡ್ಡ ಪಾಠ. ಚಳ್ಳಕೆರೆ ಕಡೆಯ ಒಂದು ಶೇಂಗಾ ಹೊಲದ ಬದುವಿನಲ್ಲಿ ನಕ್ಷತ್ರದ ಆಕಾರದ ಮುಳ್ಳುಕಾಯಿ ಬಿಡಿಸುತ್ತಿದ್ದೆ. ಕಳೆ ಕೀಳುತ್ತಿದ್ದ ಅಜ್ಜಿಯನ್ನು ಕೇಳಿದೆ, “ಅಜ್ಜಿ, ಇದಕ್ಕೇನಂತೀರಿ?”

“ಹೆಸ್ರು ಯಾರಿಗ್ ಗೊತ್ತಪ್ಪಾ, ಮುಳ್ಳಿನ ಕಳೆ ಅಂತೀವಿ. ಶೇಂಗಾ ಕೀಳೋ ಹೊತ್ನಾಗೆ ಕೈಗೆಲ್ಲ ಚುಚ್ತೈತೆ.”

ಅದು ಅಕಾಂಥೋಸ್ಪರ್ಮಮ್ ಹಿಸ್ಪಿಡಮ್. ಬಟ್ಟೆಗೆ ಅಂಟುವ ಬೈಡೆನ್ಸ್ ಕೂಡ ಮುಳ್ಳಿನದೇ. ಆದರೆ ಬೈಡೆನ್ಸ್‌ನಲ್ಲಿ ಚುಚ್ಚುವುದು ಬೀಜದ ಜುಟ್ಟು. ಎರಡರಿಂದ ನಾಲ್ಕು ಗಟ್ಟಿ ಮುಳ್ಳು, ಹಿಮ್ಮುಖದ ಕೊಕ್ಕೆಗಳು. ಅಕಾಂಥೋಸ್ಪರ್ಮಮ್‌ನಲ್ಲಿ ಬೀಜಕ್ಕೆ ಜುಟ್ಟೇ ಇಲ್ಲ. ಚುಚ್ಚುವುದು ಬೀಜವನ್ನು ಸುತ್ತಿ ಮುಚ್ಚಿದ ಎಸಳು. ಕೆರೆ ಅಂಗಳದಲ್ಲಿ ಸಿಗುವ ಜಾಂಥಿಯಂನ ಕೊಕ್ಕೆಕಾಯಿಯೂ ಎಸಳಿನಿಂದಲೇ ಆದದ್ದು, ಒಳಗೆ ಎರಡು ಬೀಜ. ಎಕಿನಾಪ್ಸ್‌ನಲ್ಲಿ ಎಲೆಗೇ ಮುಳ್ಳು. ಸುಮ್ನೆ ‘ಮುಳ್ಳು ಇದೆ’ ಅಂತ ಒಂದು ತೂತು ಇಟ್ಟಿದ್ದರೆ ಈ ನಾಲ್ಕೂ ಒಟ್ಟಿಗೆ ಬೀಳುತ್ತಿದ್ದವು. ಮುಳ್ಳು ಯಾವ ಅಂಗದ್ದು ಅಂತ ಕೇಳಿದಾಗ ಮೂರು ದಾರಿಗೆ ಬೇರೆಯಾದವು.

ಉಂಡೆ ತೆನೆಯದೂ ಇದೇ ಕಥೆ. ಎಕಿನಾಪ್ಸ್, ಲಗಾಸ್ಕಿಯಾ, ಸ್ಫೆರಾಂಥಸ್ ಮೂರೂ ದುಂಡಗಿನ ಉಂಡೆಗಳು. ಮೊದಲ ಎರಡರಲ್ಲಿ ಪ್ರತಿ ಪುಟ್ಟ ತೆನೆಗೆ ಒಂದೇ ಹೂ. ಅಂಥ ತೆನೆಗಳು ಗುಂಪುಗೂಡಿ ಉಂಡೆ ಕಟ್ಟಿವೆ. ಆದರೂ ಮೂರೂ ಬೇರೆ ಬೇರೆ ಗಣದವು. ಎಕಿನಾಪ್ಸ್ ಕುಸುಬೆಯ ಕಡೆಯದು, ಲಗಾಸ್ಕಿಯಾ ಸೂರ್ಯಕಾಂತಿಯ ಕಡೆಯದು. ಎಲೆ ಜೋಡಣೆಯ ಕಡ್ಡಿ ತೂರಿಸಿದರೆ ಲಗಾಸ್ಕಿಯಾ ಬೇರೆಯಾಗುತ್ತದೆ. ಎಲೆಮುಳ್ಳಿನ ಕಡ್ಡಿಗೆ ಎಕಿನಾಪ್ಸ್ ಬೀಳುತ್ತದೆ. ಉಳಿದದ್ದು ಗದ್ದೆಯ ಸ್ಫೆರಾಂಥಸ್, ಕಾಂಡಕ್ಕೆ ರೆಕ್ಕೆ ಇರುವುದರಿಂದ ಅದು ಹೇಗೂ ಗೊತ್ತಾಗುತ್ತದೆ.

ಪರೀಕ್ಷೆ

ಹೈಸ್ಕೂಲಿಗೆ ಹೋಗುವ ಅಕ್ಕನ ಮಗಳಿಗೆ ಕಟ್ಟು ಕೊಟ್ಟು, ರಸ್ತೆ ಬದಿಯ ಒಂದು ಒಣ ಕಡ್ಡಿ ಕೈಗಿಟ್ಟೆ. ಎಲೆ ಪುಡಿಯಾಗಿತ್ತು. ಅವಳು ತೆನೆ ಸೀಳಿ ತಟ್ಟೆ ನೋಡಿದಳು. ಹೊಟ್ಟು ಇಲ್ಲ. ಕಡ್ಡಿ ತೂರಿಸಿದಳು, ಸೂರ್ಯಕಾಂತಿಯ ಬಳಗ ಬಹುಪಾಲು ಕಡ್ಡಿಯಲ್ಲೇ ಉಳಿಯಿತು. ಅಂಚಿನ ಹೂ ಮುದುಡಿದ್ದರೂ ಇತ್ತು. ಜುಟ್ಟು ಸಾದಾ ಕೂದಲು. ಈಗ ಉಳಿದದ್ದು ವಿಕೋವಾ, ಪುಲಿಕೇರಿಯಾ, ಜೊತೆಗೆ ಹಾಲು ಬರುವ ಸೋಂಕಸ್‌ನವು. ಒಣಗಿದ ಕಡ್ಡಿಯಲ್ಲಿ ಹಾಲು ನೋಡುವುದು ಎಲ್ಲಿ? ಆ ಪ್ರಶ್ನೆ ಬಿಟ್ಟು ಅವಳು ಬೀಜಗಳನ್ನು ಕಪ್ಪು ಕಾಗದದ ಮೇಲೆ ಹರಡಿದಳು.

“ಮಾವ, ಅಂಚಿನ ಬೀಜಕ್ಕೆ ಜುಟ್ಟೇ ಇಲ್ಲ. ನಡುವಿನದಕ್ಕೆ ಇದೆ.”

ಎರಡು ಥರದ ಬೀಜ. ಆ ಕಡ್ಡಿಗೆ ಒಂದೇ ಕಾರ್ಡು ಬಿತ್ತು: ವಿಕೋವಾ ಇಂಡಿಕಾ. ಇದಕ್ಕೆ ಪೆಂಟನೀಮಾ ಎಂಬ ಹೆಸರೂ ಇದೆ. ಪುಲಿಕೇರಿಯಾ ಇದರ ಗಣದ್ದೇ. ಅದೂ ಹಳದಿ, ಅದೂ ಒಣನೆಲದ್ದು, ಎಲೆಯ ಬುಡ ಎರಡರಲ್ಲೂ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ದಾರಿಯಲ್ಲಿ ನೋಡಿದರೆ ಬೇರೆ ಮಾಡುವುದು ಕಷ್ಟ. ಪುಲಿಕೇರಿಯಾದ ಬೀಜದ ಮೇಲೆ ಕೂದಲಿನ ಹೊರಗೆ ಗಿಡ್ಡ ಹುರುಪೆಗಳ ಇನ್ನೊಂದು ಬಳೆ ಇರುತ್ತದೆ. ಅವಳು ಲೆನ್ಸ್ ಹಿಡಿದು ಹುಡುಕಿದಳು, ಆ ಬಳೆ ಇರಲಿಲ್ಲ. ಗುರುತು ಖಾತ್ರಿಯಾಯಿತು.

ಟ್ರೈಡ್ಯಾಕ್ಸ್ ಅಂತೂ ಒಂದೇ ಕಡ್ಡಿಗೆ ಸಿಗುತ್ತದೆ. ಗಾಯಕ್ಕೆ ಸೊಪ್ಪಿನ ರಸ ಹಿಂಡುವ ಈ ಗಿಡದ ಬೀಜಕ್ಕೆ ಗರಿಯಂಥ ಜುಟ್ಟು, ಕಟ್ಟಿನಲ್ಲಿ ಇನ್ಯಾವುದಕ್ಕೂ ಅದಿಲ್ಲ.

ಬೇರೆಯಾಗದ ಜೋಡಿಯೂ ಒಂದಿದೆ. ಸೋಂಕಸ್ ಒಲರೇಸಿಯಸ್ ಮತ್ತು ಸೋಂಕಸ್ ಆಸ್ಪರ್. 28 ತೂತಿನಲ್ಲೂ ಎರಡೂ ಒಂದೇ. ಎರಡೇ ಕಾರ್ಡಿಗಾಗಿ ತೂತು ಖರ್ಚು ಮಾಡುವುದು ಸರಿಯಲ್ಲ ಅನ್ನಿಸಿತು. ಕಾರ್ಡಿನ ಮುಖದಲ್ಲೇ ಚಿತ್ರ ಬರೆದೆ. ಒಲರೇಸಿಯಸ್‌ನಲ್ಲಿ ಎಲೆಯ ಬುಡದ ಕಿವಿ ಚೂಪು, ಬೀಜದ ಮೇಲೆ ಅಡ್ಡ ಸುಕ್ಕು. ಆಸ್ಪರ್‌ನಲ್ಲಿ ಕಿವಿ ದುಂಡಗೆ, ಗೀರುಗಳ ನಡುವೆ ಬೀಜ ನುಣುಪು. ಕಾರ್ಡು ಹತ್ತಿರದವರೆಗೆ ಕರೆದೊಯ್ಯಲಿ, ಕೊನೆಯ ಹೆಜ್ಜೆ ಕಣ್ಣಿನದೇ ಇರಲಿ.

ರಿಪೇರಿ

ಬಳಸುತ್ತಾ ಹೋದಂತೆ ಎರಡು ತೊಂದರೆ ಬಂದವು. ಒಂದು, ಬೀಳಬೇಕಾದ ಕಾರ್ಡು ಬೀಳದೆ ಪಕ್ಕದ ಕಾರ್ಡಿಗೆ ಅಂಟಿಕೊಳ್ಳುವುದು. ತೂತಿನ ಸುತ್ತ ಎದ್ದ ನಾರು ಇದಕ್ಕೆ ಕಾರಣ. ಪ್ರತಿ ಕಾರ್ಡಿನ ಎರಡೂ ಮುಖಕ್ಕೆ ಸಣ್ಣ ಮರಳು ಕಾಗದ ಹಗುರವಾಗಿ ಆಡಿಸಿದರೆ ಸರಿಹೋಗುತ್ತದೆ. ಬಾಯಿಯನ್ನು ನೇರ ಸೀಳಾಗಿ ಕತ್ತರಿಸುವ ಬದಲು ಹೊರಗೆ ಅಗಲವಾಗುವಂತೆ ಓರೆಯಾಗಿ ಕತ್ತರಿಸಿದರೆ ಇನ್ನೂ ಚೆನ್ನಾಗಿ ಬೀಳುತ್ತವೆ. ಎತ್ತುವ ಮೊದಲು ಕಟ್ಟನ್ನು ಸ್ವಲ್ಪ ಬೀಸಿ ಸಡಿಲ ಮಾಡಿ, ಎತ್ತಿದ ಮೇಲೆ ಅಲ್ಲಾಡಿಸಿ. ಲ್ಯಾಮಿನೇಷನ್ ಬೇಡ. ಪ್ಲಾಸ್ಟಿಕ್ ಹಾಳೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ.

ಎರಡನೆಯದು ಗಂಭೀರ. ತೂತಿನ ಅಂಚು ಹರಿಯುವುದು. ಹರಿದ ತೂತು ಬಾಯಿ ತೆಗೆದ ತೂತಿನ ಹಾಗೇ ವರ್ತಿಸುತ್ತದೆ, ಆ ಕಾರ್ಡು ಇಲ್ಲದ ಲಕ್ಷಣಕ್ಕೂ ಬೀಳುತ್ತದೆ. ಹಾಲಿಲ್ಲದ ಕುಸುಬೆ ಒಂದು ದಿನ ಹಾಲಿನ ಪ್ರಶ್ನೆಗೆ ಬಿತ್ತು, ಆಗ ಗೊತ್ತಾಯಿತು. ಹರಿದಲ್ಲಿ ಬೈಂಡಿಂಗ್ ಮಾಡುವವರ ಬಟ್ಟೆ ಟೇಪನ್ನು ಎರಡೂ ಕಡೆ ಅಂಟಿಸಿ, ಆ ಕಾರ್ಡನ್ನು ಒಳ್ಳೆಯ ಎರಡು ಕಾರ್ಡಿನ ನಡುವೆ ಇಟ್ಟು, ಕ್ಲ್ಯಾಂಪ್ ಬಿಗಿದು ಮತ್ತೆ ಕೊರೆದೆ. ಹೆಚ್ಚು ಕೇಳುವ ತೂತುಗಳು ಅಂದರೆ ಹೊಟ್ಟು ಮತ್ತು ಜುಟ್ಟಿನವು. ಅವಕ್ಕೆ ಹರಿಯುವ ಮೊದಲೇ ಟೇಪ್ ಹಾಕಿದೆ. ಉಳಿದ ಅಂಚಿಗೆಲ್ಲ ಮೇಣದಬತ್ತಿ ಉಜ್ಜಿದ್ದೇನೆ, ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗುವುದು ಕಡಿಮೆಯಾಯಿತು. ಯಾವ ಕಾರ್ಡಿಗೆ ಯಾವ ಬಾಯಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಇರಲೇಬೇಕು. ಅನುಮಾನ ಬಂದಾಗ ಕಾರ್ಡನ್ನು ಪಟ್ಟಿಯ ಜೊತೆ ತಾಳೆ ನೋಡಬಹುದು.

ಬೀಜಗಳನ್ನು ಕಾರ್ಡಿಗೇ ಅಂಟಿಸುವುದು ಚೆಂದ ಕಾಣುತ್ತದೆ, ಆದರೆ ಕಟ್ಟು ಉಬ್ಬಿ ತೂತುಗಳು ಓರೆಯಾಗುತ್ತವೆ. ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆಗಳಲ್ಲಿ ಬೀಜ ತುಂಬಿ, ಕಾರ್ಡಿನ ನಂಬರನ್ನೇ ಅಂಟಿಸಿದ್ದೇನೆ. ಗಿಡದ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಸಹದೇವಿಯನ್ನು ವರ್ನೋನಿಯಾ ಸಿನೇರಿಯಾ ಅಂತ ಕಲಿತಿದ್ದೆವು, ಈಗ ಸಯಾಂಥಿಲಿಯಂ ಸಿನೇರಿಯಂ. ಹೆಸರು ಅಳಿಸಿ ಬರೆದರಾಯಿತು, ಬಾಯಿಗಳು ಬದಲಾಗುವುದಿಲ್ಲ.

ಕೊರೆದಿಟ್ಟ ಕಾರ್ಡು ಇನ್ನೂ 24 ಖಾಲಿ ಇವೆ. ಮುಂದಿನದು ಬ್ಲೂಮಿಯಾ ಗುಂಪು. ಅದರ ಜಾತಿಗಳು ಒಂದನ್ನೊಂದು ತುಂಬಾ ಹೋಲುತ್ತವೆ. ಅವಕ್ಕೆ ಈ 28 ತೂತು ಸಾಲವು, ತಟ್ಟೆಯ ಮೇಲೆ ಕೂದಲಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬೇಕು. ಆ ಗುಂಪಿಗೆ ಬೇರೆಯೇ ಒಂದು ಚಿಕ್ಕ ಕಟ್ಟು ಮಾಡಿ, ಅದರ ಮೂಲೆಯನ್ನು ಎಡಕ್ಕೆ ಕತ್ತರಿಸುತ್ತೇನೆ. ಬ್ಲೂಮಿಯಾ ಹೂ ಬಿಡುವುದು ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ, ಅಷ್ಟರೊಳಗೆ ಹೊಸ ಬ್ಲೇಡು ತಂದಿಡಬೇಕು.